ಬಾಲ ಬಂದ ಕಲ್ಲು

ಒಂದೊಂದು ಊರಿಗೆ ಒಂದೊಂದು ಹುಚ್ಚು. ಕೆಲವು ಊರುಗಳು ದೇವರನ್ನು ಎಣಿಸುತ್ತವೆ, ಕೆಲವು ಊರುಗಳು ಗಂಡುಮಕ್ಕಳನ್ನು ಎಣಿಸುತ್ತವೆ. ಈ ಊರು ಆಕಾಶದ ಕಲ್ಲುಗಳನ್ನು ಎಣಿಸುತ್ತಿತ್ತು.

ಊರ ನಡುವೆ ಒಂದು ಬಂಡೆ. ಬಂಡೆಯ ಮೇಲೆ ಒಂದು ಗೋಪುರ. ಗೋಪುರದ ತುದಿಯಲ್ಲಿ ಒಂದು ದುರ್ಬೀನು, ಬುಡದಲ್ಲಿ ಒಂದು ಕಚೇರಿ. ಸೂರ್ಯನನ್ನು ಸುತ್ತುವ ಎಂಟು ದೊಡ್ಡ ಗೋಳಗಳಿಗೆ ಊರಿನ ಎಂಟು ದೊಡ್ಡ ಮನೆಗಳು ವಾರಸುದಾರರು. ಆ ಮನೆಗಳಲ್ಲಿ ಹುಟ್ಟಿದ ಮಗುವಿಗೆ ಹೊಕ್ಕುಳಬಳ್ಳಿ ಕತ್ತರಿಸುವ ಮೊದಲೇ ಹೆಸರು ಬಂದುಬಿಡುತ್ತಿತ್ತು. ಉಳಿದವರೆಲ್ಲ ಚಿಲ್ಲರೆ.

ಚಿಲ್ಲರೆಯವರಿಗೆ ಹೆಸರಿರಲಿಲ್ಲ. ಹುಟ್ಟಿದ ವರ್ಷ, ಹುಟ್ಟಿದ ಪಕ್ಷ, ಆ ಪಕ್ಷದಲ್ಲಿ ಹುಟ್ಟಿದವರ ಸಾಲಿನಲ್ಲಿ ಎಷ್ಟನೆಯವರು ಎಂಬುದು, ಇಷ್ಟೇ ಅವರ ಗುರುತು. ಆಕಾಶದ ಚಿಲ್ಲರೆ ಕಲ್ಲುಗಳಿಗೂ ಇದೇ ಗುರುತು. ಕಂಡ ವರ್ಷ, ಕಂಡ ಪಕ್ಷ, ಎಷ್ಟನೆಯದು. ಹಾಗಾಗಿ ಗೋಪುರದ ಸುತ್ತ ಹಬ್ಬಿದ್ದ ಕೆಳಬೀದಿಯಲ್ಲಿ ಬೆಳಗಾಗುತ್ತಿದ್ದದ್ದು ಹೀಗೆ:

"ಏ ಹದಿನೇಳು, ನಲ್ಲೀಲಿ ನೀರು ಬಂತು ನೋಡೇ!"

"ಬಂದೆ ಕಣೇ ನಾಲ್ಕು, ನನ್ನ ಕೊಡ ಒಂಚೂರು ಮುಂದಕ್ಕೆ ತಳ್ಳಿರು!"

ಚಿಲ್ಲರೆಯವರಿಗೆ ಹೆಸರು ಬರುವ ದಾರಿ ಒಂದೇ ಒಂದಿತ್ತು. ಅದು ಕಲ್ಲಿನ ದಾರಿ. ಯಾರಾದರೂ ಆಕಾಶದಲ್ಲಿ ಹೊಸ ಕಲ್ಲೊಂದನ್ನು ಕಾಣಬೇಕು. ಕಚೇರಿ ಅದರ ಹಾದಿಯನ್ನು ಗುಣಿಸಿ, ಇಂಥ ತಿಂಗಳು ಇಂಥ ಮೂಲೆಯಲ್ಲಿ ಮತ್ತೆ ಬರಬೇಕು ಎಂದು ಬರೆದಿಡುತ್ತದೆ. ಕಲ್ಲು ಹಾಗೆ ನಾಲ್ಕು ಸಲ ಬರಬೇಕು. ನಾಲ್ಕು ಸಲ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಹಾಜರಾದರೆ ಅದು ನಂಬಿಕಸ್ಥ ಕಲ್ಲು. ಆಗ ಅದಕ್ಕೆ ಕಾಯಂ ಸಂಖ್ಯೆ. ಸಂಖ್ಯೆಯ ಬೆನ್ನಿಗೆ ಹೆಸರು. ಕಂಡವರು ತಮ್ಮ ಹೆಸರನ್ನು ಬಿಟ್ಟು ಬೇರೆ ಯಾರ ಹೆಸರನ್ನಾದರೂ ಇಡಬಹುದು. ಕಲ್ಲಿಗೆ ಯಾರ ಹೆಸರೋ ಅವರಿಗೂ ಅದು ದಕ್ಕುತ್ತದೆ. ಒಂದು ಕಲ್ಲು, ಒಂದು ಹೆಸರು, ಒಬ್ಬ ಮನುಷ್ಯ.

ಹೆಸರಿಲ್ಲದಿದ್ದರೆ ಏನಂತೆ, ಎಂದು ಪರವೂರಿನವರು ಕೇಳುತ್ತಿದ್ದರು. ನಿಜ, ಹೆಸರಿಲ್ಲದೆ ಉಣ್ಣಬಹುದಿತ್ತು, ದುಡಿಯಬಹುದಿತ್ತು, ಹೆರಬಹುದಿತ್ತು. ಸತ್ತಾಗ ತಮಗಾಗಿ ಯಾರೂ ಅಳುವಂತಿರಲಿಲ್ಲ, ಅಷ್ಟೇ. ಹೆಸರುಳ್ಳವರು ಸತ್ತರೆ ಅವರ ಹೆಣ್ಣುಮಕ್ಕಳು ಮಾಳಿಗೆ ಹತ್ತಿ, ಹೆಸರು ಹಿಡಿದು ಏಳು ಸಲ ಕೂಗಿ, ಆಮೇಲೆ ಮನಸಾರೆ ಅಳುತ್ತಿದ್ದರು. ಹೆಸರಿಲ್ಲದವರು ಸತ್ತರೆ ಮನೆಯವರು ಒದ್ದೆ ಬಟ್ಟೆಯೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮನೆಯ ಹೊಸ್ತಿಲಿನಿಂದ ಗುಂಡಿಯವರೆಗೆ ಸದ್ದಿಲ್ಲದೆ ನಡೆಯಬೇಕು. ಮಣ್ಣು ಮುಚ್ಚಿದ ಮೇಲೆ ಬಟ್ಟೆಯನ್ನು ಹಿಂಡಿ, ಮನೆಗೆ ತಂದು, ಒಣಗಲು ಹಾಕಬೇಕು. ದುಃಖಕ್ಕೆ ವಿಳಾಸ ಇರಬೇಕು, ಎಂದು ಕಚೇರಿಯ ಬಾಗಿಲ ಮೇಲೆ ಕೆತ್ತಿತ್ತು. ಯಾರಿಗೆಂದು ಬರೆಯದ ಕಾಗದವನ್ನು ಯಾರಾದರೂ ಅಂಚೆಗೆ ಹಾಕುತ್ತಾರೆಯೇ?

ಕೆಳಬೀದಿಯ ಪ್ರತಿ ಮನೆಯ ಹಗ್ಗದ ಮೇಲೂ ಅಂಥ ಬಟ್ಟೆಗಳು ತೂಗುತ್ತಿದ್ದವು.

*

ಕಚೇರಿಯಲ್ಲಿ ಒರೆಸುವವಳು ಒಬ್ಬಳಿದ್ದಳು. ದುರ್ಬೀನು ಆಕಾಶದ ಚಿತ್ರವನ್ನು ಗಾಜಿನ ಹಲಗೆಗಳ ಮೇಲೆ ಇಳಿಸುತ್ತಿತ್ತು. ಬಿಳಿ ಗಾಜಿನ ಮೇಲೆ ಸಾಸಿವೆಕಾಳಿನಂಥ ಕರಿ ಚುಕ್ಕೆಗಳು. ಬೆಳಗ್ಗೆ ಬಂದು ಆ ಹಲಗೆಗಳ ಧೂಳು ಒರೆಸಿ, ಮೊನ್ನೆಯದರ ಮೇಲೆ ನಿನ್ನೆಯದನ್ನು ಚುಕ್ಕೆಗೆ ಚುಕ್ಕೆ ಕೂಡುವ ಹಾಗೆ ಜೋಡಿಸಿ, ಪಟ್ಟಿಯ ಯಜಮಾನರ ಮೇಜಿನ ಮೇಲಿಡುವುದು ಅವಳ ಕೆಲಸ. ಪಟ್ಟಿಯ ಯಜಮಾನರು ಆರನೆಯ ದೊಡ್ಡ ಮನೆಯವರು. ಬಾಲವಿಲ್ಲದ ಕಲ್ಲುಗಳ ಇಲಾಖೆ ಅವರದು.

ಹನ್ನೆರಡು ವರ್ಷದ ಹಿಂದೆ ಒಂದು ಬೆಳಗ್ಗೆ ಅವರು ಹಲಗೆಯ ಮೇಲೆ ಉಗುರು ಕುಕ್ಕಿ ಹೇಳಿದರು. "ಇಲ್ಲಿ ಕೊಳೆ ಬಿಟ್ಟಿದ್ದೀಯ."

"ಒರೆಸಿದೆ ಬುದ್ಧಿ, ಹೋಗಲಿಲ್ಲ."

"ಇನ್ನೊಂದು ಸಲ ಒರೆಸು."

ಅವಳು ಒರೆಸಿದಳು. ಮರುದಿನದ ಹಲಗೆಯಲ್ಲೂ ಕೊಳೆ ಇತ್ತು, ಮತ್ತೆ ಒರೆಸಿದಳು. ಮೂರನೆಯ ದಿನ ಮೂರೂ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದಳು. ಸಾವಿರ ಚುಕ್ಕೆಗಳು ಕೂತಲ್ಲೇ ಕೂತಿದ್ದವು. ಒಂದು ಮಾತ್ರ ಹೆಜ್ಜೆಹೆಜ್ಜೆಯಾಗಿ ಪಕ್ಕಕ್ಕೆ ಸರಿದಿತ್ತು.

"ಕೊಳೆ ನಡೀತಾ ಇದೆ ಬುದ್ಧಿ," ಅಂದಳು.

ಹೀಗೆ ಆ ಕಲ್ಲು ಸಿಕ್ಕಿತು. ಕಲ್ಲುಗಳಲ್ಲಿ ಮೂರು ಜಾತಿ: ಕರಿ, ಬೂದು, ಹೊಳಪು. ಯಜಮಾನರು ನೋಡದೆಯೇ ಕರಿ ಎಂದು ಬರೆದರು. ಕೆಳಬೀದಿಯವಳಿಗೆ ಕಂಡದ್ದು ಇನ್ನೇನಾಗಿದ್ದೀತು? ಆಮೇಲೆ ನೋಡಿದರು. ಕರಿಯೇ ಆಗಿತ್ತು. ತಮ್ಮ ವಿದ್ಯೆಗೆ ತಾವೇ ತಲೆದೂಗಿದರು.

ಮನೆಯಲ್ಲಿ ಒರೆಸುವವಳ ಅವ್ವ ಇದ್ದಳು. ಅವಳು ಗಾಜು ಉಜ್ಜುವವಳು. ದುರ್ಬೀನಿನ ದೊಡ್ಡ ಗಾಜನ್ನು ನುಣುಪು ಮಾಡಿದ್ದು ಅವಳ ಅಂಗೈ. ನಲವತ್ತು ವರ್ಷ ಉಜ್ಜಿ ಉಜ್ಜಿ, ಗಾಜು ತಿಳಿಯಾಗಿ, ಅದರ ಪುಡಿಯೆಲ್ಲ ಅವಳ ಎದೆಯೊಳಗೆ ಸೇರಿಕೊಂಡಿತ್ತು. ಕೆಮ್ಮಿದರೆ ಮರಳು ಜಾರಿದ ಸದ್ದು.

"ಅವ್ವ, ಒಂದು ಕಲ್ಲು ಸಿಕ್ಕಿದೆ. ನಾಲ್ಕು ಸಲ ಬಂದರೆ ಅದಕ್ಕೆ ನಿನ್ನ ಹೆಸರು."

"ನನಗೆ ಕಲ್ಲು ಯಾಕೇ? ಗಂಜಿ ಇದ್ರೆ ಕೊಡು."

"ತಮಾಷೆ ಬೇಡವ್ವ."

"ಸರಿ, ಎಷ್ಟು ದೊಡ್ಡದು?"

"ಗೊತ್ತಿಲ್ಲ. ಬಂಡೆಯಷ್ಟಿರಬಹುದು, ಊರಷ್ಟಿರಬಹುದು."

"ಊರಷ್ಟು ದೊಡ್ಡದಕ್ಕೂ ಚಿಲ್ಲರೆ ಅಂತಾರಾ? ಹಾಗಾದ್ರೆ ನಮ್ಮನ್ನ ಅಂದಿದ್ರಲ್ಲಿ ಏನೂ ಬೇಜಾರಿಲ್ಲ ಬಿಡು."

ಅವ್ವ ನಗುತ್ತಿದ್ದಳು, ಆದರೆ ಅವಳ ಹಗ್ಗದ ಮೇಲೆ ಮೂರು ಬಟ್ಟೆಗಳಿದ್ದವು. ಒಂದು ತಾಯಿಯದು, ಒಂದು ಗಂಡನದು, ಒಂದು ನಾಲ್ಕು ವರ್ಷದ ಮಗನದು. ಒಮ್ಮೆ, ಒಮ್ಮೆ ಮಾತ್ರ, ನಗದೆ ಹೇಳಿದಳು. "ಆ ಬಟ್ಟೆ ರುಚಿ ನನಗೆ ಗೊತ್ತು. ಕಚ್ಚಿಕೊಂಡ್ರೆ ಅಳು ಒಳಗೇ ಇಳೀತದೆ. ಇಳಿದದ್ದು ಮತ್ತೆ ಮೇಲೆ ಬರಲ್ಲ ಕಣೇ. ನಿನಗೆ ಅದು ಬೇಡ."

ಅವತ್ತಿನಿಂದ ಒರೆಸುವವಳಿಗೆ ಇದ್ದದ್ದು ಒಂದೇ ಆಸೆ. ಅವ್ವ ಸಾಯುವ ಮೊದಲು ಅವಳಿಗೊಂದು ಹೆಸರು ಬರಬೇಕು. ಅವ್ವನಿಗಾಗಿ ತಾನು ಬಾಯಿ ಬಿಟ್ಟು ಅಳಬೇಕು.

ಕಲ್ಲು ಮೂರು ವರ್ಷಕ್ಕೊಮ್ಮೆ ಬರುವಂಥದ್ದು. ಮೊದಲ ಸಲ ಬಂತು. ಎರಡನೆಯ ಸಲ ಬಂತು. ಮೂರನೆಯ ಸಲ ಬಂತು. ಅದರ ಜೊತೆಗೆ ಸಿಕ್ಕಿದ್ದ ಎಷ್ಟೋ ಕಲ್ಲುಗಳು ಹೇಳಿದ ಹೊತ್ತಿಗೆ ಬರದೆ, ಪಟ್ಟಿಯಲ್ಲಿ "ಕಳೆದುಹೋಗಿದೆ" ಅನ್ನಿಸಿಕೊಂಡವು. ಅವು ಆಕಾಶದಲ್ಲಿ ತಮ್ಮ ಪಾಡಿಗೆ ತಾವು ಹಾಯಾಗಿ ತಿರುಗುತ್ತಲೇ ಇದ್ದವು. ಕಳೆದುಕೊಂಡದ್ದು ಕಚೇರಿ. ಕೆಟ್ಟ ಹೆಸರು ಕಲ್ಲಿಗೆ.

*

ನಾಲ್ಕನೆಯ ಸಲವೂ ಕಲ್ಲು ಬಂತು. ಹೇಳಿದ ಪಕ್ಷದಲ್ಲಿ, ಹೇಳಿದ ಮೂಲೆಯಲ್ಲಿ. ಅವ್ವ ಹಾಸಿಗೆ ಹಿಡಿದು ಹನ್ನೊಂದು ದಿನವಾಗಿತ್ತು.

ಯಜಮಾನರು ಕನ್ನಡಕ ಏರಿಸಿ ಹೆಸರಿನ ಅರ್ಜಿ ತೆಗೆದರು.

"ಹೆಸರು ಹದಿನಾರು ಅಕ್ಷರ ಮೀರಬಾರದು."

"ಮೂರೇ ಅಕ್ಷರ ಬುದ್ಧಿ. ನವಣೆ."

"ಇನ್ನೂ ಹದಿಮೂರು ಬಾಕಿ ಇದೆಯಲ್ಲ. ಹಿಂದೆ ಮುಂದೆ ಏನಾದರೂ ಸೇರಿಸಬಾರದೆ? ಶ್ರೀಮತಿ, ದೇವಿ, ಏನಾದರೂ?"

"ಬೇಡ ಬುದ್ಧಿ. ಹುಟ್ಟಿದಾಗ ಅವ್ವ ಬೊಗಸೆ ನವಣೆಯಷ್ಟು ಇದ್ದಳಂತೆ, ಬಣ್ಣವೂ ಹಾಗೇ ಇತ್ತಂತೆ. ಅವಳ ಅಜ್ಜಿ ಬಾಗಿಲು ಹಾಕಿಕೊಂಡು ಹಾಗೆ ಕರೆಯುತ್ತಿದ್ದಳಂತೆ."

"ಬಾಗಿಲು ಹಾಕಿಕೊಂಡು ಕರೆದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಮುಂದೆ. ಅಂಗಡಿಯ ಹೆಸರೋ?"

"ಅಲ್ಲ."

"ಯುದ್ಧ ಮಾಡಿದವರದೋ, ಆಳಿದವರದೋ? ಹಾಗಿದ್ದರೆ ಸತ್ತು ನೂರು ವರ್ಷ ಕಳೆದಿರಬೇಕು."

"ಯಾರನ್ನೂ ಆಳಿಲ್ಲ ಬುದ್ಧಿ. ನನ್ನನ್ನೂ ಆಳಿಲ್ಲ."

"ಸಾಕುಪ್ರಾಣಿಯದೋ?"

"ಅದು ಬೆಕ್ಕುಗಳಿಗೆ ಸಿಗುತ್ತೆ ಬುದ್ಧಿ. ಎರಡನೇ ಮನೆಯವರ ಬೆಕ್ಕಿನ ಹೆಸರು ನಿಮ್ಮ ಪಟ್ಟಿಯಲ್ಲೇ ಇದೆ."

ಯಜಮಾನರು ಕೆಮ್ಮಿದರು. "ಅದು ನಿಯಮ ಬರುವ ಮೊದಲು ಸತ್ತ ಬೆಕ್ಕು. ಮೂರು ದಿನದ ಮೇಲೆ ಬಾ. ಇನ್ನೊಂದು ಹಲಗೆ ನೋಡಿ ಮೊಹರು ಒತ್ತುತ್ತೇನೆ."

ಒರೆಸುವವಳು ಮನೆಗೆ ಓಡಿ ಅವ್ವನ ಕಿವಿಯಲ್ಲಿ ಹೇಳಿದಳು. ಅವ್ವ ಕಣ್ಣು ತೆರೆದು, "ಮೂರು ದಿನ ತಾನೇ? ತಡಕೊಳ್ತೀನಿ," ಅಂದಳು. ಬಸ್ಸಿಗೆ ಕಾಯುವವಳ ಹಾಗೆ.

ಮೂರನೆಯ ದಿನ ಬೆಳಗ್ಗೆ ಹೊಸ ಹಲಗೆ ಬಂತು. ಒರೆಸುವವಳು ಧೂಳು ತೆಗೆದು ಕಿಟಕಿಗೆ ಹಿಡಿದಳು. ಅವಳ ಚುಕ್ಕೆ ಇರಬೇಕಾದಲ್ಲೇ ಇತ್ತು. ಆದರೆ ಚುಕ್ಕೆಯ ಸುತ್ತ ತೆಳ್ಳಗೆ ಮಂಜು ಕವಿದಿತ್ತು. ಆ ಮಂಜು ಒಂದು ಕಡೆಗೆ ಕೂದಲೆಳೆಯಷ್ಟು ಚಾಚಿಕೊಂಡಿತ್ತು.

ಯಜಮಾನರು ನೋಡಿದರು. ಕೈಯಲ್ಲಿದ್ದ ಮೊಹರನ್ನು ಮೆಲ್ಲಗೆ ಕೆಳಗಿಟ್ಟರು.

"ಬಾಲ ಬಂದಿದೆ."

"ಬಂದರೇನು ಬುದ್ಧಿ? ಅದೇ ಕಲ್ಲು ತಾನೇ?"

"ಅದೇ ಕಲ್ಲು. ಆದರೆ ನಮ್ಮದಲ್ಲ." ಅವರು ಕಡತವನ್ನು ಎರಡು ಬೆರಳಲ್ಲಿ ಎತ್ತಿ, ಹಲಗೆಯ ಜೊತೆಗೆ ಅವಳ ಕೈಗಿಟ್ಟರು. "ಎದುರು ಕೋಣೆಗೆ ಹೋಗು."

*

ಎದುರು ಕೋಣೆ ಬಾಲವುಳ್ಳವುಗಳ ಇಲಾಖೆ. ನಡುವಿನ ಓಣಿ ಒಂಬತ್ತು ಹೆಜ್ಜೆ. ಆ ಒಂಬತ್ತು ಹೆಜ್ಜೆಯನ್ನು ಎರಡೂ ಇಲಾಖೆಯವರು ಇಪ್ಪತ್ತು ವರ್ಷದಿಂದ ದಾಟಿರಲಿಲ್ಲ. ಎರಡಕ್ಕೂ ಬೇರೆ ಬೇರೆ ನೀರಿನ ಹೂಜಿ, ಬೇರೆ ಬೇರೆ ಶಾಯಿ, ಬೇರೆ ಬೇರೆ ಪಂಚಾಂಗ. ಬಾಲದ ಯಜಮಾನಿ ಐದನೆಯ ದೊಡ್ಡ ಮನೆಯ ಮಗಳು. ಬಾಲವುಳ್ಳದ್ದು ಬರುವುದೇ ಅಪರೂಪವಾದ್ದರಿಂದ ಅವರು ಹಗಲೆಲ್ಲ ಹತ್ತಿಯ ಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದರು.

"ಬಾ ಬಾ," ಅಂದರು ಸಂಭ್ರಮದಿಂದ. "ಎಷ್ಟು ವರ್ಷವಾಯಿತು ಒಂದು ಕಡತ ಕಂಡು! ಹೂಂ, ಬಾಲ ಚೆನ್ನಾಗಿದೆ. ಎಳೆಯದು. ಬಿಸಿಲಿಗೆ ಹತ್ತಿರ ಬಂದಿದೆ, ಒಳಗಿನ ಹಿಮ ಕರಗಿ ಹೊಗೆ ಎದ್ದಿದೆ. ಇದು ಮೊದಲಿಂದಲೂ ನಮ್ಮದೇ. ಅವರು ಹನ್ನೆರಡು ವರ್ಷ ಕಲ್ಲು ಕಲ್ಲು ಅಂತ ಕೂಡಿ ಹಾಕಿಕೊಂಡಿದ್ದರು."

"ಅಮ್ಮಾವ್ರೇ, ಇದಕ್ಕೆ ನವಣೆ ಅಂತ ಹೆಸರಿಡಬೇಕು. ಅವ್ವನಿಗೆ ಇವತ್ತೋ ನಾಳೆಯೋ ಅನ್ನುವ ಹಾಗಿದೆ."

"ಅಯ್ಯೋ, ನಮ್ಮಲ್ಲಿ ಹೆಸರಿಡುವ ಪದ್ಧತಿಯೇ ಇಲ್ಲವಲ್ಲ. ಬಾಲವುಳ್ಳದ್ದಕ್ಕೆ ಕಂಡವರ ಹೆಸರೇ ಹೆಸರು. ಬೇರೆಯವರದ್ದು ಇಡುವ ಹಾಗಿಲ್ಲ. ಕಂಡವರು ಯಾರು?"

"ನಾನೇ."

"ಬಹಳ ಸಂತೋಷ. ನಿನ್ನ ಹೆಸರು?"

"ಹನ್ನೊಂದನೇ ಪಕ್ಷದ ಮೂರು."

"ಅದು ಗುರುತು. ಹೆಸರು ಕೇಳಿದೆ."

"ಹೆಸರು ಬರಬೇಕಾದರೆ ಕಲ್ಲು ಬೇಕಲ್ಲ ಅಮ್ಮಾವ್ರೇ."

"ಕಲ್ಲು ಇದೆಯಲ್ಲ ಕೈಯಲ್ಲಿ."

"ಹಾಗಾದರೆ ಹೆಸರು ಕೊಡಿ."

"ಕಂಡವರಿಗೆ ಹೆಸರಿದ್ದರೆ ತಾನೇ ಕಲ್ಲಿಗೆ ಕೊಡುವುದು?"

ಯಜಮಾನಿ ಕೆಟ್ಟವರಲ್ಲ. ಅವರ ಕಣ್ಣಲ್ಲಿ ನೀರೂ ಬಂತು. ಅವರಿಗೆ ಹೆಸರಿತ್ತು, ಕಣ್ಣೀರಿಗೆ ತೊಂದರೆಯಿರಲಿಲ್ಲ.

ಆಗ ಓಣಿಯ ಆ ಬದಿಯಿಂದ ಪಟ್ಟಿಯ ಯಜಮಾನರು, ಹೊಸ್ತಿಲು ದಾಟದೆ, ಗಂಟಲು ಸರಿಮಾಡಿಕೊಂಡರು. "ಇಲಾಖೆಯಲ್ಲಿ ಹೆಸರುಳ್ಳವರ ಎದುರು ಕಂಡದ್ದು ಹೆಸರುಳ್ಳವರೇ ಕಂಡಂತೆ. ಹೀಗೆ ನನ್ನ ಹೆಸರು ಆಗಲೇ ಎರಡು ಬಾಲದ ಕಲ್ಲಿಗಿದೆ. ಮೂರನೆಯದು ಭಾರವೇ. ಆದರೂ ನಿನಗೋಸ್ಕರ ಹೊರುತ್ತೇನೆ. ಸಂಜೆಯೊಳಗೆ ಹಲಗೆ ತಂದುಕೊಡು."

*

ಒರೆಸುವವಳು ಹಲಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಬಿದ್ದಳು. ಬೀದಿಯ ಮೂಲೆಯ ಜಗುಲಿಯಲ್ಲಿ ಪೊರಕೆ ಹಿಡಿದು ಒಬ್ಬ ಮುದುಕ ಕೂತಿದ್ದ. ಅವನು ಒಂಬತ್ತನೆಯ ಮನೆಯವನು. ಊರಿನಲ್ಲಿ ಮೊದಲು ದೊಡ್ಡ ಮನೆಗಳು ಒಂಬತ್ತಿದ್ದವು. ಒಂದು ಮಧ್ಯಾಹ್ನ ಊಟವಾದ ಮೇಲೆ ಕಚೇರಿಯವರು ಸಭೆ ಕೂತು, ಕೈಯೆತ್ತಿ, ಒಂಬತ್ತನೆಯದನ್ನು ದೊಡ್ಡವರ ಪಟ್ಟಿಯಿಂದ ತೆಗೆದರು. ತನ್ನ ಸುತ್ತಲಿನ ದಾರಿಯನ್ನು ತಾನು ಗುಡಿಸಿಕೊಳ್ಳದವನು ದೊಡ್ಡವನಲ್ಲ, ಕುಳ್ಳ, ಎಂದು ಕಾರಣ ಕೊಟ್ಟರು. ಅವತ್ತಿನಿಂದ ಮುದುಕ ಗುಡಿಸುತ್ತಲೇ ಇದ್ದ.

ಅವನು ಹಲಗೆಯನ್ನು ಬಿಸಿಲಿಗೆ ಹಿಡಿದು ನೋಡಿ ಕಿಸಕ್ಕನೆ ನಕ್ಕ.

"ಇಷ್ಟೇನಾ ಬಾಲ? ಕೂದಲೆಳೆ. ತಾಯಿ, ನೀನು ಏನು ಕೆಲಸ ಮಾಡೋದು?"

"ಒರೆಸೋದು ತಾತ."

"ಮತ್ತೆ? ಹೆಬ್ಬೆಟ್ಟಿಗೆ ಉಗುಳು ಹಚ್ಕೊಂಡು ಒರೆಸು. ಬಾಲ ಹೋಗುತ್ತೆ, ಕಲ್ಲು ಉಳಿಯುತ್ತೆ, ಅವರು ಮೊಹರು ಒತ್ತುತ್ತಾರೆ. ಅವರು ನನ್ನ ಇಡೀ ಮನೇನೇ ಒರೆಸಿ ಹಾಕಿದ್ರು. ನೀನು ಇಷ್ಟುದ್ದ ಹೊಗೆ ಒರೆಸಿದ್ರೆ ಆಕಾಶ ಕಳಚಿ ಬೀಳುತ್ತಾ?"

ಅವಳು ಹೆಬ್ಬೆಟ್ಟು ಒದ್ದೆ ಮಾಡಿದಳು. ಗಾಜಿನವರೆಗೆ ತಂದಳು. ಅಲ್ಲಿಂದ ಮುಂದಕ್ಕೆ ಬೆರಳು ಹೋಗಲಿಲ್ಲ. ಹನ್ನೆರಡು ವರ್ಷ ಆ ಚುಕ್ಕೆಯ ದಾರಿ ಕಾದಿದ್ದಳು. ಅದು ಬಂದದ್ದೇ ಹೀಗೆ, ಮೈತುಂಬ ಮಂಜು ಹೊದ್ದು. ಹಲಗೆಯನ್ನು ಮತ್ತೆ ಸುತ್ತಿಕೊಂಡು ಮನೆಗೆ ನಡೆದಳು.

ಅವ್ವ ಕಿಟಕಿಯ ಪಕ್ಕ ಮಲಗಿದ್ದಳು. ಮಗಳು ಹಲಗೆಯನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದಳು. ಅವ್ವ ಬಹಳ ಹೊತ್ತು ನೋಡಿದಳು.

"ಇದಾ ನಾನು?"

"ಇದೇ ಅವ್ವ. ಬಾಲ ಬಂದುಬಿಟ್ಟಿದೆ. ಒರೆಸಿದರೆ ನಿನ್ನ ಹೆಸರು. ಬಿಟ್ಟರೆ ಯಜಮಾನರದ್ದು."

"ಮುದುಕಿ ಕಲ್ಲು ಮುದುಕಿ ಹಾಗೇ ಆಡ್ತದೆ. ಕೊನೆಗಾಲಕ್ಕೆ ಸೆರಗು ಹಾರಿಸ್ಕೊಂಡು ಹೊರಟಿದೆ ನೋಡು." ನಕ್ಕಳು, ಕೆಮ್ಮಿದಳು, ಮರಳು ಜಾರಿತು. ಸುಧಾರಿಸಿಕೊಂಡು ಹೇಳಿದಳು. "ಒರೆಸಬೇಡ."

"ಅವ್ವ!"

"ನಲವತ್ತು ವರ್ಷ ಎದೆ ಸುಟ್ಕೊಂಡು ಆ ಗಾಜು ಉಜ್ಜಿದ್ದು ಯಾಕೆ ಅಂದ್ಕೊಂಡೆ? ಇದ್ದದ್ದು ಇದ್ದ ಹಾಗೆ ಕಾಣಲಿ ಅಂತ. ನನ್ನ ಗಾಜಿಗೆ ಕಂಡದ್ದನ್ನ ನನ್ನ ಮಗಳೇ ಉಗುಳು ಹಚ್ಚಿ ಒರೆಸ್ತಾಳಾ?"

"ಹಾಗಾದ್ರೆ ನಾನು ಬಟ್ಟೆ ಕಚ್ಚಬೇಕಾ?" ಮಗಳ ದನಿ ಸೀಳಿತು. "ನೀನೇ ಬೇಡ ಅಂದದ್ದು. ನೀನೇ ಹೇಳು, ಕಚ್ಚಬೇಕಾ?"

ಅವ್ವ ಅವಳ ಕಡೆ ತಿರುಗಿದಳು. "ಅದನ್ನ ನನ್ನನ್ನ ಯಾಕೇ ಕೇಳ್ತೀಯ? ಬಾಯಿ ಯಾರದ್ದು?"

ಅದು ಅವಳ ಕೊನೆಯ ಮಾತು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯುವಷ್ಟರಲ್ಲಿ ಮರಳಿನ ಸದ್ದು ನಿಂತಿತು.

*

ಕೆಳಬೀದಿಯವರು ಬಂದರು. ಎಲ್ಲರಿಗೂ ಅಭ್ಯಾಸವಿತ್ತು. ಒಬ್ಬರು ನೀರು ಕಾಯಿಸಿದರು, ಒಬ್ಬರು ಬಿದಿರು ಕಟ್ಟಿದರು. ಪಕ್ಕದ ಮನೆಯ ನಾಲ್ಕು, ಅವ್ವನ ಕೊಡವನ್ನು ಮೂವತ್ತು ವರ್ಷ ನಲ್ಲಿಯ ಹತ್ತಿರಕ್ಕೆ ತಳ್ಳಿದವಳು, ಬಟ್ಟೆಯೊಂದನ್ನು ಒದ್ದೆ ಮಾಡಿ ನಾಲ್ಕು ಮಡಿಕೆ ಮಡಿಸಿ ಒರೆಸುವವಳ ಮುಂದೆ ಹಿಡಿದಳು. ಮಿಕ್ಕವರು ಆಗಲೇ ತಂತಮ್ಮ ಬಟ್ಟೆ ಕಚ್ಚಿಕೊಂಡಿದ್ದರು.

ಒರೆಸುವವಳು ಬಟ್ಟೆಯನ್ನು ತೆಗೆದುಕೊಂಡಳು. ಅದರಿಂದ ಅವ್ವನ ಮುಖ ಒರೆಸಿದಳು, ಹಣೆ, ಕೆನ್ನೆ, ಗದ್ದ. ಆಮೇಲೆ ಅದನ್ನು ಅಲ್ಲೇ ಬಿಟ್ಟು ಏಣಿ ಇಟ್ಟು ಮಾಳಿಗೆ ಹತ್ತಿದಳು.

"ನವಣೇ!" ಎಂದು ಕೂಗಿದಳು.

ಬೀದಿ ಕಲ್ಲಾಯಿತು. ಆ ಮಾಳಿಗೆಗಳ ಮೇಲಿಂದ ಯಾರೂ ಯಾವತ್ತೂ ಯಾರನ್ನೂ ಕರೆದಿರಲಿಲ್ಲ. ಅವಳು ಮತ್ತೆ ಕೂಗಿದಳು. ಮತ್ತೆ ಕೂಗಿದಳು. ಒಂದೊಂದು ಸಲವೂ ದನಿ ದೊಡ್ಡದಾಗುತ್ತಾ ಹೋಗಿ, ಆಮೇಲೆ ಹರಿದು, ಕೂಗು ಹೋಗಿ ಅಳುವಾಯಿತು. ಮೊಣಕಾಲೂರಿ, ಎರಡೂ ಕೈಯಿಂದ ಮಾಳಿಗೆಯನ್ನು ಗುದ್ದುತ್ತಾ ಅತ್ತಳು.

ಪಟ್ಟಿಯ ಯಜಮಾನರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಓಡಿ ಬಂದರು. ಹಿಂದೆ ಬಾಲದ ಯಜಮಾನಿ. ಬೀದಿಯ ಮೂಲೆಯಲ್ಲಿ ಮುದುಕ ಪೊರಕೆ ಊರಿಕೊಂಡು ನಿಂತಿದ್ದ.

"ಯಾರನ್ನು ಕರೆಯುತ್ತಿದ್ದೀಯ? ಹುಡುಕಿದೆ, ಈ ಹೆಸರು ಪಟ್ಟಿಯಲ್ಲಿಲ್ಲ! ಪಟ್ಟಿಯಲ್ಲಿ ಇಲ್ಲದವರನ್ನು ಕರೆದರೆ ಅದು ಕರೆದಂತಾಗಲಿಲ್ಲ!"

"ಕರೆದಂತಾಗದಿದ್ದ ಮೇಲೆ ನಿಮಗೆ ಏನಪ್ಪಾ ಕಷ್ಟ?" ಅಂದ ಮುದುಕ.

"ಸದ್ದಾಗುತ್ತಿದೆಯಲ್ಲ!"

"ಯಾವ ಇಲಾಖೆಯ ಸದ್ದು ಅಂತ ಮೊದಲು ತೀರ್ಮಾನ ಆಗಲಿ," ಅಂದರು ಬಾಲದ ಯಜಮಾನಿ. "ಮೊದಲಲ್ಲಿ ಗಟ್ಟಿ, ಕೊನೆಯಲ್ಲಿ ಎಳೆದುಕೊಂಡು ಹೋಗುತ್ತಿದೆ. ನನಗೇನೋ ನಮ್ಮದೇ ಅನ್ನಿಸುತ್ತದೆ."

ಅವರಿಬ್ಬರೂ ವಾದಕ್ಕೆ ನಿಂತಿದ್ದಾಗ ನಾಲ್ಕು ತನ್ನ ಬಾಯಿಯ ಬಟ್ಟೆಯನ್ನು ಉಗುಳಿದಳು. ತನ್ನ ಮನೆಯ ಏಣಿ ಹತ್ತಿದಳು. ಎಂಟು ವರ್ಷದ ಹಿಂದೆ ಹೋದ ಮಗಳನ್ನು ಕರೆದಳು. "ಚಿಟ್ಟೂ!" ಅದರಾಚೆಯ ಮಾಳಿಗೆಯಿಂದ ಒಬ್ಬ ಗಂಡಸು, ಮೀಸೆ ಹಣ್ಣಾದವನು, "ಬೆಲ್ಲಪ್ಪಾ!" ಎಂದು ಅಪ್ಪನನ್ನು ಕರೆದ. ಎಲ್ಲರ ಮನೆಯಲ್ಲೂ ಬಾಗಿಲು ಹಾಕಿಕೊಂಡು ಕರೆದ ಹೆಸರುಗಳಿದ್ದವು. ಹರಳು, ಮುಗುಳಿ, ಗೊಜ್ಜು, ಕರಿಮುತ್ತು. ನೂರು ಮಾಳಿಗೆಗಳಿಂದ ನೂರು ಹೆಸರು. ಕೂಗುತ್ತಾ ಗುದ್ದಿದರು, ಗುದ್ದುತ್ತಾ ಅತ್ತರು. ಎಂಟು ವರ್ಷದ್ದು, ಮೂವತ್ತು ವರ್ಷದ್ದು, ಅಜ್ಜಿಯಿಂದ ಅವ್ವನಿಗೆ ಅವ್ವನಿಂದ ಮಗಳಿಗೆ ಬಂದದ್ದು.

"ದಯವಿಟ್ಟು ಒಬ್ಬೊಬ್ಬರಾಗಿ!" ಎಂದು ಪಟ್ಟಿಯ ಯಜಮಾನರು ಬೀದಿಯ ನಡುವೆ ಪುಸ್ತಕ ಬಿಚ್ಚಿ ಅರಚಿದರು. "ಹುಟ್ಟಿದ ಪಕ್ಷ ಹೇಳಿ ಆಮೇಲೆ ಅಳಿ!"

ಯಾರಿಗೂ ಕೇಳಿಸಲಿಲ್ಲ. ಹೊತ್ತು ಮುಳುಗಿ ಚುಕ್ಕೆ ಮೂಡಿದ ಮೇಲೂ ಗುದ್ದಿ ಗುದ್ದಿ ಅತ್ತರು. ಅಳುತ್ತಲೇ ಅವ್ವನನ್ನು ಎತ್ತಿಕೊಂಡು ಹೋದರು, ಅಳುತ್ತಲೇ ಮಣ್ಣು ಮಾಡಿದರು.

*

ಕೆಳಬೀದಿ ಬಂಡೆಯ ಕಾಲಿನ ಮೇಲೆ ಕೂತಿತ್ತು. ಬಂಡೆಯ ತಲೆಯ ಮೇಲೆ ಗೋಪುರ. ಮರುದಿನ ಬೆಳಗ್ಗೆ ಹಲಗೆ ತೆಗೆದು ನೋಡಿದರೆ, ಹಿಂದಿನ ಸಂಜೆಯ ಆಕಾಶದಲ್ಲಿ ಒಂದೇ ಒಂದು ಚುಕ್ಕೆ ನೆಟ್ಟಗಿರಲಿಲ್ಲ. ಆ ಗುದ್ದಿಗೆ ದುರ್ಬೀನು ನಡುಗಿತ್ತು. ಪ್ರತಿ ಕಲ್ಲಿಗೂ ಬಾಲ ಬಂದಿತ್ತು. ನಂಬಿಕಸ್ಥ ಕಲ್ಲುಗಳಿಗೂ, ಎರಡನೆಯ ಮನೆಯ ಬೆಕ್ಕಿನ ಕಲ್ಲಿಗೂ. ಪಶ್ಚಿಮದ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ ಆರನೆಯ ದೊಡ್ಡ ಮನೆಯ ಗೋಳಕ್ಕೂ ಗೇಣುದ್ದ ಬಾಲ.

ಬಾಲದ ಯಜಮಾನಿ ಬತ್ತಿಯ ಬುಟ್ಟಿಯನ್ನು ಬದಿಗಿಟ್ಟು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಓಣಿ ದಾಟಿದರು. ಒಂಬತ್ತು ಹೆಜ್ಜೆ. ಹಲಗೆಯನ್ನು ನೋಡಿದರು. "ಎಲ್ಲ ನಮ್ಮದೇ," ಅಂದರು, ಮದುವೆಮನೆಯ ಪಾತ್ರೆ ಎಣಿಸುವವರ ಹಾಗೆ. "ಕಡತಗಳನ್ನು ಕಳಿಸಿಕೊಡಿ. ಬಾಲ ಬಂದದ್ದಕ್ಕೆ ಕಂಡವರ ಹೆಸರು. ಬೆಳಗ್ಗೆ ಇದನ್ನು ಮೊದಲು ಕಂಡವರು ಯಾರು?"

ಎಲ್ಲರೂ ಒರೆಸುವವಳ ಕಡೆ ನೋಡಿದರು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

"ಅವಳಿಗೆ ಹೆಸರಿಲ್ಲ," ಅಂದರು ಪಟ್ಟಿಯ ಯಜಮಾನರು.

"ಹ್ಞಾಂ. ಹಾಗಾದರೆ ಇವೂ ಸದ್ಯಕ್ಕೆ ಹೆಸರಿಲ್ಲದವು. ಆರನೆಯ ಮನೆಯವರು ಅಂದರೆ ತಾವೇ ಅಲ್ಲವೇ?"

ಆಕೆ ತಮ್ಮ ಕೋಣೆಗೆ ಮರಳಿದ ಮೇಲೆ ಯಜಮಾನರು ಎದ್ದರು. ಬಾಗಿಲು ಮುಂದಕ್ಕೆ ಮಾಡಿ, ಯಾವತ್ತೂ ಇಲ್ಲದ ಮೃದುವಾದ ದನಿಯಲ್ಲಿ ಅಂದರು. "ನೋಡಮ್ಮ, ಒಂದಿಷ್ಟು ಒರೆಸಿಬಿಡು. ಬಾಲಗಳನ್ನು ಮಾತ್ರ. ನಿನ್ನ ತಾಯಿಗೆ ನವಣೆ ಅಂತ ಮೊಹರು ಒತ್ತುತ್ತೇನೆ, ಈಗಲೇ. ಬೇಕಾದರೆ ಹೊಳಪಿನ ಜಾತಿಯ ಕಲ್ಲೇ ಕೊಡುತ್ತೇನೆ."

"ಅವಳನ್ನ ನಿನ್ನೆಯೇ ಕರೆದದ್ದಾಯಿತು ಬುದ್ಧಿ," ಅಂದಳು ಒರೆಸುವವಳು. "ಒರೆಸೋಣ ಅಂದರೆ ಬಟ್ಟೆಯೂ ಇಲ್ಲ. ಎಲ್ಲ ಬೀದಿಯಲ್ಲಿ ಬಿದ್ದಿವೆ."

ಯಜಮಾನರು ಹಲಗೆಯನ್ನು ತಾವೇ ಎತ್ತಿ ನೆಲಕ್ಕೆ ಹಾಕಿ ಒಡೆದರು. ಪಂಚಾಂಗದಿಂದ ಹಿಂದಿನ ದಿನವನ್ನು ಹರಿದು ಹಾಕಿದರು. ಹೀಗೆ ಆರನೆಯ ಮನೆಗೆ ಹೆಸರು ವಾಪಸು ಬಂತು, ಮತ್ತು ಆ ಊರಿಗೆ ಒಂದು ದಿನ ಕಡಿಮೆಯಾಯಿತು. ಆಮೇಲೆ ಚಿಲ್ಲರೆಯವರ ಪಟ್ಟಿ ತೆಗೆದು, ಹನ್ನೊಂದನೇ ಪಕ್ಷದ ಮೂರು ಎಂಬ ಸಾಲು ಹುಡುಕಿ, ಇರಬೇಕಾದ ಜಾಗದಲ್ಲಿ ಇರದವರಿಗೆ ಬರೆಯುವುದನ್ನು ಅದರ ಮುಂದೆ ಬರೆದರು: ಕಳೆದುಹೋಗಿದೆ.

ಶಾಯಿ ಹಸಿಯಾಗಿತ್ತು.

"ಆ ಒತ್ತುಕಾಗದ ಕೊಡು ಇಲ್ಲಿ," ಅಂದರು.

ಕಳೆದುಹೋದವಳು ಒತ್ತುಕಾಗದ ಕೊಟ್ಟಳು. ಅವರು ಒತ್ತಿದರು. ಅವಳು ಹೊರಗೆ ಹೊರಟಳು. ಚಿಲ್ಲರೆಯವರು ಹಿಂಬಾಗಿಲಿನಿಂದ ಹೋಗಬೇಕೆಂಬ ನಿಯಮ ಪಟ್ಟಿಯಲ್ಲಿದ್ದವರಿಗೆ. ಅವಳು ಮುಂಬಾಗಿಲಿಗೆ ನಡೆದಳು.

ಮುಂಬಾಗಿಲ ಕಾವಲುಗಾರ ಕೋಲು ಅಡ್ಡ ಹಿಡಿದವನು, ಅವಳ ಮುಖ ನೋಡಿ ಇಳಿಸಿದ. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದ.

"ನಿನ್ನೆ ಮೊದಲು ಕೂಗಿದ್ದು ನೀನೇ ಅಲ್ವಾ? ನಾನು ಎಣಿಸ್ತಾ ಇದ್ದೆ. ಆರೇ ಸಲ ಕೂಗಿದೆ. ಏಳು ಕೂಗಬೇಕು."

"ಏಳನೇದಕ್ಕೆ ಅಳು ಬಂದುಬಿಡ್ತು ಕಣಪ್ಪ," ಅಂದಳು.